ಹೆಬ್ಬಾಳದ ವೈರ್‌ಕಟ್ ಶೆಡ್: ಫೋಮ್ ತುಂಬಿದ ಟ್ಯೂಬ್ ಪ್ರಾಜೆಕ್ಟ್ ಹಿಡಿದವರಿಗೆ

ಮೊದಲೇ ಹೇಳಿಬಿಡ್ತೀನಿ: ಮೈಸೂರಿನ ಹೆಬ್ಬಾಳದಲ್ಲಿ ತಂತಿಯ ಕಿಡಿಯಿಂದ ಲೋಹ ಕತ್ತರಿಸುವ (ಅದೇ ವೈರ್‌ಕಟ್) ಈ ಶೆಡ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಕಳೆದ ಆ ಒಂದು ಸ್ಟಾರ್ ಮೆಷಿನ್ ಕೆಲಸಕ್ಕೆ ಸಂಬಂಧಪಟ್ಟದ್ದಲ್ಲ.

ನಾನು ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್ ನೋಡಿಕೊಳ್ಳುವವನು. ಫೈನಲ್ ಇಯರ್ ಮೆಕ್ಯಾನಿಕಲ್ ಹುಡುಗರಲ್ಲಿ ಒಂದಲ್ಲ ಒಂದು ಬ್ಯಾಚು ವರ್ಷಾವರ್ಷ ಈ ಪ್ರಾಜೆಕ್ಟ್ ಹಿಡಿದುಕೊಂಡು ಬರುತ್ತದೆ: ತೆಳು ಗೋಡೆಯ ಅಲ್ಯೂಮಿನಿಯಂ ಅಥವಾ ಎಂಎಸ್ (ಮೈಲ್ಡ್ ಸ್ಟೀಲ್) ಟ್ಯೂಬ್, ಒಳಗೆ ಫೋಮ್ (ಗುಳ್ಳೆ ತುಂಬಿದ ಹಗುರ ಅಲ್ಯೂಮಿನಿಯಂ), ಯುಟಿಎಂನಲ್ಲಿ, ಅಂದರೆ ವಸ್ತುವನ್ನು ಎಳೆದು ಒತ್ತಿ ಬಲ ಅಳೆಯುವ ಮೆಷಿನ್‌ನಲ್ಲಿ, ಇಟ್ಟು ಜಜ್ಜಿ ಎಷ್ಟು ಶಕ್ತಿ ಹೀರಿತು ಅಂತ ನೋಡುವುದು. ಕಾರಿನ ಬಂಪರ್ ಹಿಂದೆ ಇರುವ ಕ್ರ್ಯಾಶ್ ಬಾಕ್ಸ್ ಮಾಡುವುದೂ ಇದೇ ಕೆಲಸ. ಗುದ್ದಿದಾಗ ತಾನು ಮಡಚಿಕೊಂಡು ಹಿಂದಿನ ಚಾಸಿಯನ್ನು ಉಳಿಸಬೇಕು. ಗೈಡ್‌ಗಳು ಅನುಮತಿ ಕೊಡುತ್ತಾರೆ, ಹುಡುಗರು ಸಾಫ್ಟ್‌ವೇರ್‌ನಲ್ಲಿ ಬಣ್ಣಬಣ್ಣದ ಚಿತ್ರ ತೆಗೆಯುತ್ತಾರೆ. ಆಮೇಲೆ ಫೋಮ್ ಕತ್ತರಿಸುವವರು ಯಾರು ಅನ್ನುವ ಪ್ರಶ್ನೆ ಬರುತ್ತದೆ, ಆಗ ನನ್ನ ಹತ್ತಿರ ಬರುತ್ತಾರೆ. ನಾನು ಹೆಬ್ಬಾಳದ ಈ ಶೆಡ್‌ಗೆ ಕಳಿಸುತ್ತೇನೆ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಒಂದು ಸಲ ಬರೆದು ಹಾಕ್ತಾ ಇದ್ದೀನಿ.

ಜಾಗ: ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ. ಮಂಡ್ಯದಿಂದ ಬಸ್ಸಲ್ಲಿ ಬರುವವರು ಸಿಟಿ ಒಳಗೆ ಹೋಗುವುದು ಬೇಡ, ಬೆಂಗಳೂರು ರಸ್ತೆಗೆ ರಿಂಗ್ ರೋಡ್ ಸೇರುವ ಕಡೆ ಇಳಿದು ಮೇಟಗಳ್ಳಿ ಕಡೆಗೆ ಆಟೋ ಹಿಡಿದರೆ ಆಯಿತು. ಬೋರ್ಡಿನಲ್ಲಿ ‘ಲೇತ್ ಅಂಡ್ ವೈರ್‌ಕಟ್ ವರ್ಕ್ಸ್’ ಅನ್ನುವಷ್ಟು ಮಾತ್ರ ಓದಲು ಸಿಗುತ್ತದೆ, ಅದರ ಮೇಲಿದ್ದ ಹೆಸರು ಬಿಸಿಲಿಗೆ ಹೋಗಿದೆ. ಒಂದು ವೈರ್‌ಕಟ್ ಮೆಷಿನ್, ಎರಡು ಲೇತ್, ಒಂದು ಸರ್ಫೇಸ್ ಗ್ರೈಂಡರ್, ಮೂಲೆಯಲ್ಲಿ ಬ್ಯಾಂಡ್‌ಸಾ. ಮುಖ್ಯ ಕೆಲಸ ಸುತ್ತಲಿನ ಫ್ಯಾಕ್ಟರಿಗಳ ಡೈ ಮತ್ತು ಪಂಚ್, ಅಂದರೆ ಲೋಹವನ್ನು ಒತ್ತಿ ರೂಪ ಕೊಡುವ ಅಚ್ಚುಗಳು. ನಮ್ಮಂಥವರ ಕೆಲಸ ಅವರಿಗೆ ಪುಡಿಗಾಸು. ಆದರೂ ಯಜಮಾನರು ಅದನ್ನು ಪುಡಿಗಾಸಿನ ಹಾಗೆ ಮಾಡುವುದಿಲ್ಲ.

ಫೋಮ್ ಕತ್ತರಿಸುವುದರಲ್ಲಿ ಅಷ್ಟೇನಿದೆ, ನಮ್ಮ ವರ್ಕ್‌ಶಾಪಿನ ಹ್ಯಾಕ್‌ಸಾ ಸಾಲದೇ ಅಂತ ಕೇಳುವವರಿದ್ದಾರೆ. ಸಾಲುವುದಿಲ್ಲ. ಯಾಕೆ ಅಂತ ತಿಳಿದರೆ ಈ ಪ್ರಾಜೆಕ್ಟಿನ ಅರ್ಧ ತಿಳಿದ ಹಾಗೆ.

ಖಾಲಿ ಟ್ಯೂಬನ್ನು ನಿಲ್ಲಿಸಿ ಮೇಲಿಂದ ಒತ್ತಿದರೆ ಬಲ ಸರ್ರನೆ ಒಂದು ತುದಿಗೆ ಏರುತ್ತದೆ, ಗೋಡೆ ಒಂದು ಕಡೆ ಉಬ್ಬುತ್ತದೆ, ಬಲ ದಬಕ್ಕನೆ ಬೀಳುತ್ತದೆ. ಆಮೇಲೆ ಒಂದೊಂದು ಮಡಿಕೆಗೆ ಒಂದೊಂದು ಏರಿಳಿತ. ಟ್ಯೂಬ್ ಎಷ್ಟು ಕುಗ್ಗಿದಾಗ ಎಷ್ಟು ಬಲ ಅಂತ ಎಳೆದ ಗ್ರಾಫಿನ ಕೆಳಗಿನ ವಿಸ್ತೀರ್ಣವೇ ಹೀರಿದ ಶಕ್ತಿ. ದುಂಡು ಟ್ಯೂಬಿನ ಈ ಏರಿಳಿತದ ಸರಾಸರಿ ಬಲಕ್ಕೆ ಅಲೆಗ್ಸಾಂಡರ್ 1960ರಲ್ಲೇ ಸೂತ್ರ ಕೊಟ್ಟರು. ಗೋಡೆ ದಪ್ಪದ ಒಂದೂವರೆ ಘಾತ, ವ್ಯಾಸದ ವರ್ಗಮೂಲ, ಲೋಹದ ಬಲ, ಇವನ್ನು ಗುಣಿಸಿ, ಬಂದದ್ದನ್ನು ಮತ್ತೆ ಸುಮಾರು 6ರಿಂದ ಗುಣಿಸಿದರೆ ಸಿಕ್ಕಿತು. ಚೌಕದ ಟ್ಯೂಬಿಗೆ ವಿಯೆರ್ಜ್‌ಬಿಕಿ ಮತ್ತು ಅಬ್ರಮೊವಿಚ್ 1983ರಲ್ಲಿ ಮಡಿಕೆಯ ಲೆಕ್ಕ ಕೊಟ್ಟರು. ಈ ಎರಡು ಇಲ್ಲದ ಪ್ರಾಜೆಕ್ಟ್ ರಿಪೋರ್ಟನ್ನು ನಾನು ನೋಡಿಲ್ಲ. ಅರ್ಥ ಮಾಡಿಕೊಂಡು ಬರೆದದ್ದು ಎಷ್ಟು ಅನ್ನುವುದು ಬೇರೆ ವಿಷಯ.

ಅಲ್ಯೂಮಿನಿಯಂ ಫೋಮ್‌ದು ಬೇರೆಯೇ ನಡತೆ. ಕರಗಿದ ಲೋಹಕ್ಕೆ ಟೈಟಾನಿಯಂ ಹೈಡ್ರೈಡ್ ಪುಡಿ ಬೆರೆಸಿದರೆ ಅದು ಒಡೆದು ಹೈಡ್ರೋಜನ್ ಬಿಡುತ್ತದೆ. ಗುಳ್ಳೆ ತುಂಬಿ ಉಬ್ಬಿದ್ದು ಹಾಗೇ ಗಟ್ಟಿಯಾಗುತ್ತದೆ. ಕತ್ತರಿಸಿದ ಮುಖ ನೋಡಿದರೆ ಹಳೇ ಥರದ ಗಟ್ಟಿ ಮೈಸೂರು ಪಾಕನ್ನು ಅಡ್ಡ ಮುರಿದಂತೆ. ಒತ್ತಿದರೆ ಗುಳ್ಳೆಗಳು ಪದರ ಪದರವಾಗಿ ಕುಸಿಯುತ್ತವೆ, ಬಲ ಹೆಚ್ಚು ಏರದೆ ಬಹಳ ದೂರ ಸಪಾಟಾಗಿ ಹೋಗುತ್ತದೆ. ಗುಳ್ಳೆಗಳೆಲ್ಲ ಮುಚ್ಚಿದ ಮೇಲೆ ನೇರ ಮೇಲಕ್ಕೆ.

ಈಗ ಎರಡನ್ನೂ ಸೇರಿಸಿ. ಟ್ಯೂಬೊಂದಕ್ಕೇ ಇಷ್ಟು ಬಲ, ಫೋಮೊಂದಕ್ಕೇ ಇಷ್ಟು, ಎರಡನ್ನೂ ಕೂಡಿದರೆ ಒಟ್ಟು ಬರಬೇಕಲ್ಲ? ಅದಕ್ಕಿಂತ ಜಾಸ್ತಿ ಬರುತ್ತದೆ. ಒಳಗೆ ಮಡಚಬೇಕಾದ ಗೋಡೆಗೆ ಫೋಮ್ ಅಡ್ಡ ನಿಲ್ಲುತ್ತದೆ. ಮಡಿಕೆಗಳು ಚಿಕ್ಕದಾಗಿ, ಒತ್ತೊತ್ತಾಗಿ ಬೀಳುತ್ತವೆ. ಮಡಿಕೆ ಹೆಚ್ಚಿದಷ್ಟೂ ಲೋಹ ಹೆಚ್ಚು ಬಾಗಬೇಕು, ಹೆಚ್ಚು ಶಕ್ತಿ ಹೀರಬೇಕು. ಅತ್ತ ಗೋಡೆಯ ಒತ್ತಡಕ್ಕೆ ಸಿಕ್ಕ ಫೋಮ್ ಕೂಡ ಒಂಟಿಯಾಗಿ ಇದ್ದಾಗಿನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಪಾಲಿಯೂರೆಥೇನ್ ಫೋಮ್ ತುಂಬಿದ ಲೋಹದ ಟ್ಯೂಬುಗಳ ಮೇಲೆ ರೀಡ್, ರೆಡ್ಡಿ ಮತ್ತು ಗ್ರೇ 1986ರಲ್ಲೇ ಕೆಲಸ ಮಾಡಿದ್ದರು. ಅಲ್ಯೂಮಿನಿಯಂ ಫೋಮ್ ಇಟ್ಟು ನಾರ್ವೆಯ ಹಾನ್ಸೆನ್, ಲಾಂಗ್‌ಸೆತ್, ಹಾಪರ್‌ಸ್ಟಾಡ್ 2000ದ ಸುಮಾರಿಗೆ ಮಾಡಿದ ಪರೀಕ್ಷೆಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅವರ ಸೂತ್ರದಲ್ಲಿ ಮೂರು ಪದ: ಟ್ಯೂಬಿನದು, ಫೋಮಿನದು, ಇಬ್ಬರೂ ಸೇರಿದ್ದಕ್ಕೆ ಬಂದ ಮೇಲ್ಪಾಲು. ಆ ಮೂರನೆಯದು ಎರಡೂ ಲೋಹಬಲಗಳ ಗುಣಲಬ್ಧದ ವರ್ಗಮೂಲದಂತೆ ಬೆಳೆಯುತ್ತದೆ.

ಆ ಮೇಲ್ಪಾಲಿಗಾಗಿಯೇ ಈ ಪ್ರಾಜೆಕ್ಟು. ಫೋಮ್ ಟ್ಯೂಬಿನ ಗೋಡೆಗೆ ತಾಗಿರದಿದ್ದರೆ ಅದು ಸಿಗುವುದಿಲ್ಲ. ಒಂದು ಮಿಲಿಮೀಟರ್ ಸಂದು ಬಿಟ್ಟರೆ ಮಡಿಕೆ ಆ ಸಂದಿನೊಳಗೇ ತನ್ನ ಪಾಡಿಗೆ ಶುರುವಾಗಿಬಿಡುತ್ತದೆ, ಫೋಮ್ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಹ್ಯಾಕ್‌ಸಾದಲ್ಲಿ ಕೊಯ್ದು, ಫೈಲ್ ಹಾಕಿ, ಕೈಯಲ್ಲಿ ತುರುಕಿದ ಫೋಮ್‌ಗೆ ಒಂದು ಕಡೆ ಸಂದು, ಇನ್ನೊಂದು ಕಡೆ ಗುಳ್ಳೆ ಜಜ್ಜಿಹೋಗಿ ಸತ್ತ ಪದರ. ಟೆಸ್ಟ್ ಮಾಡಿ ‘ಫೋಮ್‌ನಿಂದ ಅಷ್ಟೇನೂ ಲಾಭವಿಲ್ಲ’ ಅಂತ ಕನ್‌ಕ್ಲೂಷನ್ ಬರೆದ ರಿಪೋರ್ಟುಗಳು ನಮ್ಮ ಲೈಬ್ರರಿಯಲ್ಲಿ ಇವೆ. ಪಾಪ, ಫೋಮಿನ ತಪ್ಪಲ್ಲ.

ಶೆಡ್‌ಗೆ ಬರೋಣ. ಟ್ಯೂಬುಗಳ ಕಟ್ಟು ಬಿಚ್ಚಿ ಬೆಂಚಿನ ಮೇಲೆ ಇಟ್ಟರೆ ಯಜಮಾನರು ಮೊದಲು ಫೋಮ್ ಕಡೆ ನೋಡುವುದೇ ಇಲ್ಲ. ಟ್ಯೂಬ್ ಎತ್ತಿಕೊಂಡು ಒಳವ್ಯಾಸ ಅಳೆಯುತ್ತಾರೆ. ಒಂದು ತುದಿಯಲ್ಲಿ ಅಡ್ಡಕ್ಕೆ, ಉದ್ದಕ್ಕೆ. ಮತ್ತೆ ಇನ್ನೊಂದು ತುದಿಯಲ್ಲಿ. ಆಮೇಲೆ ಟೆಲಿಸ್ಕೋಪಿಕ್ ಗೇಜ್ ಇಳಿಸಿ ಮಧ್ಯದಲ್ಲಿ. ಪ್ರತಿ ಟ್ಯೂಬಿನ ಮೇಲೂ ಮಾರ್ಕರ್‌ನಲ್ಲಿ ನಂಬರ್ ಬರೆಯುತ್ತಾರೆ.

‘ಮೇಷ್ಟ್ರೇ, ಇದು ರೌಂಡೇ ಇಲ್ಲ ನೋಡಿ. ಹಿಂಗೆ ಇಟ್ರೆ ನಲವತ್ತೇಳು, ಹಿಂಗೆ ತಿರುಗ್ಸುದ್ರೆ ಪಾಯಿಂಟ್ ಮೂರು ಜಾಸ್ತಿ.’

‘ಅಂಗಡಿಯಲ್ಲಿ ಸಿಗೋದೇ ಇದು ಕಣಣ್ಣ.’

‘ಆಯ್ತದೆ ಬುಡಿ. ಒಂದೊಂದು ಪೈಪಿಗೆ ಒಂದೊಂದು ಪೀಸು ಮಾಡ್ಕೊಡ್ತೀನಿ. ನಂಬರ್ ಅದಲು ಬದಲು ಮಾಡ್ಬುಟ್ಟು ನನ್ನ ಬೈಬೇಡಿ ಆಮೇಲೆ.’

ಬೇರೆ ಕಡೆ ‘ನಲವತ್ತೇಳು ಎಂಎಂ, ಇಷ್ಟು ಪೀಸು’ ಅಂತ ಒಂದೇ ಅಳತೆಗೆ ಸಾಲಾಗಿ ಕೊಯ್ದು ಕೊಡುತ್ತಾರೆ. ರೇಟು ಕಡಿಮೆ, ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ. ಅರ್ಧ ಪೀಸು ಟ್ಯೂಬೊಳಗೆ ಗಡಗಡ ಅಲ್ಲಾಡುತ್ತವೆ, ಉಳಿದರ್ಧ ಒಳಗೆ ಹೋಗುವುದೇ ಇಲ್ಲ. ಇಲ್ಲಿ ಪ್ರತಿ ಟ್ಯೂಬಿಗೂ ಅದರದೇ ಫೋಮ್. ಹೆಬ್ಬೆರಳಲ್ಲಿ ಒತ್ತಿದರೆ ಮೆಲ್ಲಗೆ ಜಾರಿ ಇಳಿಯಬೇಕು, ಟ್ಯೂಬನ್ನು ತಲೆಕೆಳಗೆ ಮಾಡಿದರೆ ಬೀಳಬಾರದು. ಅವರ ಪರೀಕ್ಷೆ ಅಷ್ಟೇ, ಅದು ಸಾಕು.

ವೈರ್‌ಕಟ್ ಯಾಕೆ ಅಂದರೆ ಅದರಲ್ಲಿ ಬ್ಲೇಡು ಇಲ್ಲ, ಒತ್ತಡ ಇಲ್ಲ. ತೆಳು ಹಿತ್ತಾಳೆ ತಂತಿ, ನೀರು, ಕಿಡಿ. ಕಿಡಿ ಲೋಹವನ್ನು ತಿನ್ನುತ್ತಾ ಹೋಗುತ್ತದೆ, ಗುಳ್ಳೆಯ ಗೋಡೆ ಬಾಗುವುದಿಲ್ಲ. ಆದರೆ ಫೋಮ್‌ನಲ್ಲಿ ತಂತಿಯ ಮುಂದೆ ಒಂದು ಕ್ಷಣ ಲೋಹ, ಮರುಕ್ಷಣ ಬರೀ ಗುಳ್ಳೆ. ಕಿಡಿ ಹತ್ತಿ ಹತ್ತಿ ಆರುತ್ತದೆ, ನೀರಿನ ಹರಿವು ಗುಳ್ಳೆಗಳಲ್ಲಿ ದಾರಿ ತಪ್ಪುತ್ತದೆ, ಫೀಡ್ ಜಾಸ್ತಿ ಕೊಟ್ಟರೆ ತಂತಿ ಕಡಿದುಹೋಗುತ್ತದೆ. ಗಟ್ಟಿ ಲೋಹಕ್ಕೆ ಕತ್ತರಿಸಿದ ವಿಸ್ತೀರ್ಣದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಇವರು ಫೋಮ್‌ಗೆ ಮಾತ್ರ ಗಂಟೆ ಲೆಕ್ಕ ಹಾಕುವುದು ಅದಕ್ಕೇ. ಹುಡುಗರು ಈ ಮಾತಿಗೆ ಮುಖ ಸಿಂಡರಿಸುತ್ತಾರೆ. ಮೆಷಿನ್ ಮುಂದೆ ನಿಂತು ಅಮ್‌ಮೀಟರ್ ಮುಳ್ಳು ಕುಣಿಯುವುದನ್ನು ಸ್ವಲ್ಪ ಹೊತ್ತು ನೋಡಿದ ಮೇಲೆ ಯಾರೂ ಚೌಕಾಸಿ ಮಾಡಿದ್ದು ಕಂಡಿಲ್ಲ.

ಹಿಂದೊಂದು ಬ್ಯಾಚು ಎಂಎಸ್ ಇಆರ್‌ಡಬ್ಲ್ಯೂ ಪೈಪ್ ತಂದಿತ್ತು. ಪಟ್ಟಿಯನ್ನು ಸುತ್ತಿ ಬೆಸೆದ ಪೈಪು ಅದು, ಒಳಗೆ ಉದ್ದಕ್ಕೂ ವೆಲ್ಡಿಂಗ್ ಗೆರೆ ಎದ್ದು ನಿಂತಿರುತ್ತದೆ. ದುಂಡಗೆ ಕತ್ತರಿಸಿದ ಫೋಮ್ ಆ ಗೆರೆಗೆ ತಡೆದು ನಿಲ್ಲುತ್ತದೆ. ಗೆರೆಯನ್ನು ಕೆರೆದು ತೆಗೆಯಲು ಹೋದರೆ ಅಲ್ಲಿ ಗೋಡೆ ತೆಳುವಾಗುತ್ತದೆ. ಯಜಮಾನರು ಮಾತಿಲ್ಲದೆ ಪ್ರೋಗ್ರಾಮ್‌ನಲ್ಲಿ ವೃತ್ತಕ್ಕೆ ಒಂದು ಸಣ್ಣ ಕಚ್ಚು ಸೇರಿಸಿದರು. ಫೋಮಿನ ಪಕ್ಕದಲ್ಲಿ ಉದ್ದಕ್ಕೂ ಒಂದು ಕಾಲುವೆ ಬಂತು, ವೆಲ್ಡಿಂಗ್ ಗೆರೆ ಅದರೊಳಗೆ ಕೂತಿತು. ಅವತ್ತಿನಿಂದ ನಾನು ಬೇರೆ ಕಡೆ ಕಳಿಸುವುದನ್ನು ಬಿಟ್ಟೆ.

ಟ್ಯೂಬಿನ ತುದಿ ಸಮ ಮಾಡುವ ಕೆಲಸವನ್ನೂ ಇಲ್ಲೇ ಕೊಡಿ. ಒಂದೂವರೆ ಮಿಲಿಮೀಟರ್ ಗೋಡೆಯ ಟ್ಯೂಬನ್ನು ಲೇತಿನ ಮೂರು ದವಡೆಯ ಚಕ್ಕಿನಲ್ಲಿ ಬಿಗಿದರೆ ಅದು ಮೂರು ಮೂಲೆಗೆ ತಿರುಗುತ್ತದೆ. ಬಿಡಿಸಿದಾಗ ಮುಖ ಸೊಟ್ಟ. ಇವರು ಒಳಗೆ ನೈಲಾನ್ ಗಟ್ಟಿ ತುರುಕಿ, ಹೊರಗೆ ಸೀಳಿದ ಬುಶ್ ಹಾಕಿ ಹಿಡಿಯುತ್ತಾರೆ. ಎರಡು ಮುಖಗಳೂ ಸಮಾನಾಂತರ ಇಲ್ಲದಿದ್ದರೆ ಯುಟಿಎಂ ತಟ್ಟೆ ಮೊದಲು ಒಂದು ಅಂಚಿಗೆ ಮುಟ್ಟುತ್ತದೆ, ಟ್ಯೂಬ್ ಮಡಚುವ ಬದಲು ವಾಲುತ್ತದೆ. ಫೋಮ್ ಉದ್ದ ಟ್ಯೂಬಿನ ಉದ್ದಕ್ಕೆ ಸರಿ ಇರಬೇಕು. ಹೊರಗೆ ಚಾಚಿದ್ದರೆ ಮೊದಲ ಏಟು ಫೋಮ್‌ಗೆ, ಒಳಗೆ ತಗ್ಗಿದ್ದರೆ ಮೊದಲ ಮಡಿಕೆ ಖಾಲಿ ಜಾಗದಲ್ಲಿ. ಒಂದು ತುದಿಯ ಹತ್ತಿರ ಸಣ್ಣ ವಿ ಗ್ರೂವ್ ಹಾಕಿಸಿಕೊಳ್ಳಿ. ಮಡಿಕೆ ಅಲ್ಲಿಂದಲೇ ಶುರುವಾಗುತ್ತದೆ, ಆರಂಭದ ಆ ದೊಡ್ಡ ತುದಿಬಲ ತಗ್ಗುತ್ತದೆ. ಕಾರಿನ ದೃಷ್ಟಿಯಿಂದ ಅದೇ ಮುಖ್ಯ: ಆರಂಭದ ತುದಿಬಲ ಜಾಸ್ತಿಯಾದರೆ ಕ್ರ್ಯಾಶ್ ಬಾಕ್ಸ್ ಮಡಚುವ ಮೊದಲೇ ಹಿಂದಿನ ಚಾಸಿ ಬಾಗಿಬಿಡಬಹುದು.

ಅಂಗಡಿಯಲ್ಲಿ ಸಿಗುವ ಟ್ಯೂಬಿನ ಬಗ್ಗೆ ಒಂದು ಮಾತು, ಶೆಡ್‌ಗೆ ಸಂಬಂಧವಿಲ್ಲದಿದ್ದರೂ. ಕಿಟಕಿ ಬಾಗಿಲಿನ ಸೆಕ್ಷನ್ ಮಾರುವ ಅಂಗಡಿಯ 6063 (ಒಂದು ಅಲ್ಯೂಮಿನಿಯಂ ಮಿಶ್ರಲೋಹದ ನಂಬರ್) ಟ್ಯೂಬ್ ಸಾಮಾನ್ಯವಾಗಿ ಗಟ್ಟಿ ಮಾಡಿದ ಸ್ಥಿತಿಯಲ್ಲಿ ಬರುತ್ತದೆ. ಜಜ್ಜಿದರೆ ಮಡಿಕೆಯ ಅಂಚಿನಲ್ಲಿ ಪರ್ರನೆ ಹರಿಯುತ್ತದೆ. ಕಾಲೇಜಿನ ಮಫಲ್ ಫರ್ನೇಸಿನಲ್ಲಿ ಸುಮಾರು 415 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟು, ಫರ್ನೇಸಿನಲ್ಲೇ ನಿಧಾನ ಆರಲು ಬಿಟ್ಟರೆ ಮೆದುವಾಗುತ್ತದೆ. ಆಮೇಲೆ ಹೆಬ್ಬಾಳಕ್ಕೆ ತೆಗೆದುಕೊಂಡು ಹೋಗಿ. ಮೊದಲು ಅಳತೆ ತೆಗೆಸಿ ಆಮೇಲೆ ಕಾಯಿಸಿದರೆ ಟ್ಯೂಬ್ ಸ್ವಲ್ಪ ಡೊಂಕಾಗಿ, ಕತ್ತರಿಸಿದ ಫೋಮ್ ಕೂರುವುದಿಲ್ಲ.

ಫೋಮ್ ಎಲ್ಲಿಂದ? ಮೈಸೂರಿನ ಅಂಗಡಿಗಳಲ್ಲಿ ನನಗೆ ಸಿಕ್ಕಿಲ್ಲ. ಆನ್‌ಲೈನ್‌ನಲ್ಲಿ ಬ್ಲಾಕ್ ಲೆಕ್ಕದಲ್ಲಿ ತರಿಸುತ್ತೇವೆ, ದುಬಾರಿ. ಕಾಗದದಲ್ಲಿ ಬರೆದ ಸಾಂದ್ರತೆಯನ್ನು ನಂಬಬೇಡಿ. ಕರಗಿದ ಲೋಹ ಗಟ್ಟಿಯಾಗುವಾಗ ಕೆಳಕ್ಕೆ ಇಳಿದಿರುತ್ತದೆ, ಒಂದೇ ಬ್ಲಾಕಿನ ಮೇಲ್ಭಾಗ ಹಗುರ, ತಳ ಭಾರ. ನಮ್ಮ ಯಜಮಾನರೇ ಒಂದು ಸಲ ‘ಕೆಳಗಡೆ ಬಂದಾಗ ಮೆಷಿನ್ ಜಗ್ಗುತದೆ ಮೇಷ್ಟ್ರೇ’ ಅಂದರು. ಸಾಂದ್ರತೆ ವ್ಯತ್ಯಾಸ ಅವರಿಗೆ ಕಟಿಂಗ್ ಸ್ಪೀಡಿನಲ್ಲೇ ಗೊತ್ತಾಗುತ್ತದೆ. ಆದ್ದರಿಂದ ಪ್ರತಿ ಪೀಸನ್ನೂ ತೂಗಿ ಬರೆದಿಡಿ. ಪೀಸಿನ ಅಡ್ಡಳತೆಯಲ್ಲಿ ಕನಿಷ್ಠ ಏಳು ಗುಳ್ಳೆಯಾದರೂ ಇರಬೇಕು, ಇಲ್ಲದಿದ್ದರೆ ನೀವು ಅಳೆಯುವುದು ಫೋಮಿನ ಗುಣವನ್ನಲ್ಲ, ನಾಲ್ಕಾರು ಗುಳ್ಳೆಗಳ ಅದೃಷ್ಟವನ್ನು.

ಶೆಡ್‌ನ ಒಂದು ಕೊರತೆ ಇಲ್ಲೇ ಬರುತ್ತದೆ. ಕತ್ತರಿಸಿದ ಪೀಸುಗಳನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುತ್ತಾರೆ. ಮುಖದ ಮೇಲಿನ ತೆರೆದ ಗುಳ್ಳೆಗಳಲ್ಲಿ ವೈರ್‌ಕಟ್ ನೀರು ನಿಂತಿರುತ್ತದೆ. ಮಂಡ್ಯಕ್ಕೆ ಬಂದು ನೇರ ತಕ್ಕಡಿಗೆ ಇಟ್ಟರೆ ತೂಕ ಸುಳ್ಳು, ಸಾಂದ್ರತೆ ಸುಳ್ಳು, ಗ್ರಾಂಗೆ ಇಷ್ಟು ಜೌಲ್ ಅಂತ ಬರೆಯುವುದೂ ಸುಳ್ಳು. ಓವನ್‌ನಲ್ಲಿ ನೂರು ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿ, ತೂಗಿ, ಮತ್ತೆ ಒಣಗಿಸಿ, ತೂಕ ಬದಲಾಗದವರೆಗೆ. ಅವರಿಗೆ ಹೇಳಿ ನೋಡಿದ್ದೇನೆ. ‘ಒಸಿ ಬಿಸ್ಲಲ್ಲಿ ಇಡಿ, ಸರ್‍ಯಾಯ್ತದೆ’ ಅನ್ನುತ್ತಾರೆ.

ಟೆಸ್ಟ್ ದಿನ ಏನಾಗುತ್ತದೆ ಅಂತಲೂ ಹೇಳಬೇಕು, ಯಾಕೆಂದರೆ ಕತ್ತರಿಸಿದವರ ಕೈಗುಣ ಗೊತ್ತಾಗುವುದು ಆಗಲೇ. ನಮ್ಮದು ಹಳೇ ಹೈಡ್ರಾಲಿಕ್ ಯುಟಿಎಂ. ಎಣ್ಣೆ ವಾಲ್ವನ್ನು ಕೈಯಲ್ಲಿ ತಿರುಗಿಸಿ ನಿಮಿಷಕ್ಕೆ ಐದು ಮಿಲಿಮೀಟರ್‌ಗೆ ತರುವುದೇ ಒಂದು ಕಲೆ. ಖಾಲಿ ಟ್ಯೂಬ್ ಮೊದಲು ಒಂದೆರಡು ಚೆಂದದ ಉಂಗುರ ಮಡಿಕೆ ಬೀಳುತ್ತದೆ, ಆಮೇಲೆ ಬೇಜಾರು ಬಂದ ಹಾಗೆ ಮೂಲೆ ಮೂಲೆಯ ವಜ್ರದಾಕಾರಕ್ಕೆ ತಿರುಗುತ್ತದೆ. ಫೋಮ್ ತುಂಬಿದ್ದು ಕೊನೆವರೆಗೂ ಉಂಗುರದಲ್ಲೇ ಇರುತ್ತದೆ, ಮಡಿಕೆಗಳು ಬೆರಳಿನಲ್ಲಿ ಎಣಿಸುವಷ್ಟು ಹತ್ತಿರ. ಒಳಗಿಂದ ಗುಳ್ಳೆ ಒಡೆಯುವ ಸಣ್ಣ ಚಟಪಟ ಸದ್ದು ಎಡೆಬಿಡದೆ. ಗ್ರಾಫಿನ ಏರಿಳಿತ ತಗ್ಗಿರುತ್ತದೆ. ಜಜ್ಜಿದ ಟ್ಯೂಬನ್ನು ಉದ್ದಕ್ಕೆ ಸೀಳಿದರೆ ಫೋಮ್ ಮಡಿಕೆಯ ಒಳಮೂಲೆಗೂ ನುಗ್ಗಿ ಗಟ್ಟಿಯಾಗಿ ಕೂತಿರುತ್ತದೆ. ಹೆಬ್ಬಾಳದ ಪೀಸುಗಳಲ್ಲಿ ಇದು ಸುತ್ತಲೂ ಒಂದೇ ಥರ ಇತ್ತು. ಬೇರೆ ಕಡೆ ಕೊಯ್ಸಿದ್ದರಲ್ಲಿ ಒಂದು ಪಕ್ಕ ನುಗ್ಗಿತ್ತು, ಇನ್ನೊಂದು ಪಕ್ಕ ಮಡಿಕೆ ಪೊಳ್ಳಾಗಿತ್ತು.

ಒಂದು ಎಚ್ಚರಿಕೆ: ಇದೆಲ್ಲ ನಿಧಾನದ ಟೆಸ್ಟ್. ರಸ್ತೆಯಲ್ಲಿ ಗುದ್ದುವುದು ಸೆಕೆಂಡಿಗೆ ಹತ್ತು ಹದಿನೈದು ಮೀಟರ್ ವೇಗದಲ್ಲಿ. ಮೈಲ್ಡ್ ಸ್ಟೀಲ್ ಆ ವೇಗದಲ್ಲಿ ಗಣನೀಯವಾಗಿ ಬಲ ಹೆಚ್ಚಿಸಿಕೊಳ್ಳುತ್ತದೆ, ಅಲ್ಯೂಮಿನಿಯಂ ಅಷ್ಟಾಗಿ ಇಲ್ಲ. ಎರಡನ್ನೂ ಯುಟಿಎಂನಲ್ಲಿ ಜಜ್ಜಿ ‘ಅಲ್ಯೂಮಿನಿಯಂ ಗೆದ್ದಿತು’ ಅಂತ ಬರೆಯುವ ಮೊದಲು ಇದನ್ನು ನೆನಪಿಡಿ.

ಈಗ ಗೈಡ್‌ಗಳಿಗೆ ಹಿಡಿಸದ ಮಾತು. ಫೋಮ್ ತುಂಬಿಸುವುದು ಯಾವಾಗಲೂ ಲಾಭವೇ? ನಮ್ಮ ಅಳತೆಯನ್ನೇ ತೆಗೆದುಕೊಳ್ಳಿ. ಹೊರವ್ಯಾಸ 50, ಗೋಡೆ 1.5, ಉದ್ದ 150 ಮಿಲಿಮೀಟರ್. ಟ್ಯೂಬಿನ ತೂಕ ಸುಮಾರು 93 ಗ್ರಾಂ. ಘನ ಸೆಂಟಿಮೀಟರ್‌ಗೆ 0.35 ಗ್ರಾಂ ಇರುವ ಫೋಮ್ ತುಂಬಿದರೆ ಅದೇ 91 ಗ್ರಾಂ. ಅಂದರೆ ತೂಕ ಹೆಚ್ಚೂಕಡಿಮೆ ಎರಡರಷ್ಟಾಯಿತು. ಮೆದು ಅಲ್ಯೂಮಿನಿಯಂ ಬಲವನ್ನು 150 ಮೆಗಾಪ್ಯಾಸ್ಕಲ್ ಅಂತ ಹಿಡಿದರೆ ಖಾಲಿ ಟ್ಯೂಬಿನ ಸರಾಸರಿ ಬಲ ಅಲೆಗ್ಸಾಂಡರ್ ಲೆಕ್ಕದಲ್ಲಿ ಸುಮಾರು 11.5 ಕಿಲೋನ್ಯೂಟನ್. ಫೋಮಿನ ಸಪಾಟು ಬಲ 3 ಮೆಗಾಪ್ಯಾಸ್ಕಲ್ ಅಂದರೆ ಅದರ ಪಾಲು 5 ಕಿಲೋನ್ಯೂಟನ್ ಚಿಲ್ಲರೆ, ಅದರ ಮೇಲೆ ಮೇಲ್ಪಾಲು. ಅದೇ ತೂಕವನ್ನು ಫೋಮ್‌ಗೆ ಹಾಕದೆ ಗೋಡೆಗೆ ಹಾಕಿ, ದಪ್ಪ 3 ಮಿಲಿಮೀಟರ್ ಮಾಡಿದರೆ? ಒಂದೂವರೆ ಘಾತದ ಲೆಕ್ಕದಲ್ಲಿ 32 ಕಿಲೋನ್ಯೂಟನ್. ಮೇಲ್ಪಾಲು ಎಷ್ಟೇ ಧಾರಾಳವಾಗಿ ಸಿಕ್ಕರೂ ಈ ಭಾರದ ಫೋಮ್ ಅಷ್ಟಕ್ಕೆ ಮುಟ್ಟುವುದು ಕಷ್ಟ.

ಹಾಗಾದರೆ ಫೋಮ್ ಬೇಡವೇ? ಹಾಗೂ ಅಲ್ಲ. ದಪ್ಪ ಗೋಡೆಗೆ ಆರಂಭದ ತುದಿಬಲವೂ ಏರುತ್ತದೆ, ಫೋಮ್‌ಗೆ ಅದು ಅಷ್ಟು ಏರುವುದಿಲ್ಲ. ಟ್ಯೂಬಿನ ಗೋಡೆ ತೆಳುವಾದಷ್ಟೂ, ಫೋಮ್ ಹಗುರವಾದಷ್ಟೂ ಲೆಕ್ಕ ಫೋಮ್ ಕಡೆ ತಿರುಗುತ್ತದೆ. ಟ್ಯೂಬ್ ನೇರ ಜಜ್ಜಿಕೊಳ್ಳದೆ ಅಡ್ಡಕ್ಕೆ ಬಾಗುವ ಕಡೆ ಫೋಮ್ ನಿಜವಾಗಿ ಗೆಲ್ಲುತ್ತದೆ. ಖಾಲಿ ಟ್ಯೂಬ್ ಬಾಗುವಾಗ ಒಳಮಗ್ಗುಲು ಲೊಟಕ್ಕನೆ ಕುಸಿದು ಬಲ ಬಿದ್ದುಹೋಗುತ್ತದೆ. ಒಳಗೆ ಫೋಮ್ ಇದ್ದರೆ ಆ ಗೋಡೆಗೆ ಕುಸಿಯಲು ಜಾಗವೇ ಇಲ್ಲ. ಅದಕ್ಕೂ ಪೂರ್ತಿ ತುಂಬಬೇಕಿಲ್ಲ, ಬಾಗುವ ಜಾಗದಲ್ಲಷ್ಟೇ ಒಂದು ತುಂಡು ಸಾಕು. ಹುಡುಗರೇ, ಮುಂದಿನ ವರ್ಷ ಯಾರಾದರೂ ಅದೇ ಮಾಡಿ. ನಿಲ್ಲಿಸಿ ಜಜ್ಜಿದ್ದು ಸಾಕಾಗಿದೆ. ತುಂಡು ಚಿಕ್ಕದು, ವೈರ್‌ಕಟ್ ಗಂಟೆಯೂ ಕಡಿಮೆ.

ರಿಪೋರ್ಟಿನ ಕೊನೆಗೆ ‘ಕಾರುಗಳಲ್ಲಿ ಬಳಸಬಹುದು’ ಅಂತ ಬರೆಯುವವರಿಗಾಗಿ ಇನ್ನೊಂದು ಲೆಕ್ಕ. ಸಾವಿರ ಕೆಜಿ ಕಾರು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಗುದ್ದಿದರೆ ಹೀರಬೇಕಾದ ಶಕ್ತಿ 8.7 ಕಿಲೋಜೌಲ್. ನಮ್ಮ ಖಾಲಿ ಟ್ಯೂಬ್ ನೂರು ಮಿಲಿಮೀಟರ್ ಮಡಚಿದರೆ ಹೀರುವುದು ಒಂದು ಕಿಲೋಜೌಲ್ ಮೇಲೆ ಚೂರು. ಕಾರುಗಳನ್ನು ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ, 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್‌ನ ಮುಂಬದಿ ಪರೀಕ್ಷೆ ಗಂಟೆಗೆ 64 ಕಿಲೋಮೀಟರ್‌ನಲ್ಲಿ. ಅಲ್ಲಿಗೆ ಶಕ್ತಿ ಹದಿನೆಂಟು ಪಟ್ಟು. ಕ್ರ್ಯಾಶ್ ಬಾಕ್ಸ್ ಇರುವುದು ಆ ದೊಡ್ಡ ಏಟಿಗಲ್ಲ, ಟ್ರಾಫಿಕ್ಕಿನಲ್ಲಿ ಆಗುವ ಸಣ್ಣ ಗುದ್ದಿಗೆ ಚಾಸಿ ಕೆಡದಿರಲಿ ಅಂತ. ಬಾಕ್ಸನ್ನು ಬಿಚ್ಚಿ ಹೊಸದು ಹಾಕಿದರೆ ಮುಗಿಯಿತು.

ಇದನ್ನು ಓದಿ ಯಾರಾದರೂ ತಮ್ಮ ಕಾರಿನ ಚಾಸಿಗೆ ಫೋಮ್ ಹೊಡೆಸಿಬಿಟ್ಟಾರು ಅನ್ನುವ ಭಯ ನನಗೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಸಹೋದ್ಯೋಗಿ ಒಬ್ಬರಿಗೆ ಕಾರ್ ಅಕ್ಸೆಸರಿ ಅಂಗಡಿಯವನೊಬ್ಬ ‘ಸಾರ್, ಫೋಮ್ ಇಂಜೆಕ್ಟ್ ಮಾಡ್ತೀವಿ, ಬಾಡಿ ಟ್ಯಾಂಕ್ ಆಗುತ್ತೆ’ ಅಂತ ಹೇಳಿ, ಕಿಟಕಿ ಚೌಕಟ್ಟಿನ ಸಂದು ಮುಚ್ಚುವ ಪಿಯು (ಪಾಲಿಯೂರೆಥೇನ್) ಫೋಮ್ ಡಬ್ಬವನ್ನು ತೋರಿಸಿದ್ದ. ಆ ಫೋಮ್ ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು. ಮುಚ್ಚಿದ ಕೊಳವೆಯ ನಡುವೆ ಅಂಟಂಟಾಗಿಯೇ ಉಳಿಯುತ್ತದೆ. ಗಟ್ಟಿಯಾದ ಭಾಗದ ಬಲವೂ ಲೆಕ್ಕಕ್ಕೆ ಸಿಗುವಂಥದ್ದಲ್ಲ. ನೀರು ಹರಿಯುವ ತೂತು ಮುಚ್ಚಿ ಒಳಗಿಂದ ತುಕ್ಕು ಹಿಡಿಯುತ್ತದೆ. ಮುಂದೆ ಯಾವತ್ತಾದರೂ ಟಿಂಕರಿಂಗ್‌ನವರು ಅಲ್ಲಿ ವೆಲ್ಡಿಂಗ್ ಹಿಡಿದರೆ ವಿಷದ ಹೊಗೆ. ಕಂಪನಿಗಳು ಕೆಲವು ಕಾರುಗಳ ಕಂಬಗಳೊಳಗೆ ಇಡುವ ಎಪಾಕ್ಸಿ ಫೋಮ್ ಬೇರೆಯದೇ ವಸ್ತು, ಅದು ಫ್ಯಾಕ್ಟರಿಯ ಪೇಂಟ್ ಓವನ್ನಿನ ಬಿಸಿಗೆ ಉಬ್ಬಿ ಗಟ್ಟಿಯಾಗುತ್ತದೆ. ಮುಂದೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಕಟ್ಟಿಸುವುದೂ ಇದೇ ಜಾತಿಯ ಬುದ್ಧಿ. ಅದು ಏಟನ್ನು ಕ್ರ್ಯಾಶ್ ಬಾಕ್ಸಿಗೆ ಬಿಡದೆ ನೇರ ಚಾಸಿಗೆ ಕೊಡುತ್ತದೆ. ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ಅದರ ಮೇಲೆ ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ಆದರೂ ನಮ್ಮ ಮಂಡ್ಯದ ರಸ್ತೆಯಲ್ಲಿ ಗಾರ್ಡ್ ಇಲ್ಲದ ಜೀಪು ಹುಡುಕಬೇಕು.

ಕಳೆದ ಆ ಸ್ಟಾರ್ ವಿಚಾರ. ಶೆಡ್‌ನವರು ಕೊಡುವುದು ಕೈಬರಹದ ರಸೀದಿ, ಅದರ ಮೇಲೆ ಜಿಎಸ್‌ಟಿ ನಂಬರ್ ಇರುವುದಿಲ್ಲ. ಕಾಲೇಜಿನ ಅಕೌಂಟ್ಸ್ ಸೆಕ್ಷನ್ ಅದನ್ನು ಮುಟ್ಟುವುದಿಲ್ಲ. ಪ್ರಾಜೆಕ್ಟ್ ಗ್ರಾಂಟ್‌ನಲ್ಲಿ ತೋರಿಸಬೇಕಾದವರು ಮೊದಲೇ ಅಕೌಂಟ್ಸ್‌ನವರ ಹತ್ತಿರ ಮಾತಾಡಿಕೊಂಡು ಹೋಗಿ, ಇಲ್ಲದಿದ್ದರೆ ಹುಡುಗರ ಜೇಬಿನಿಂದಲೇ. ರೇಟು ಬೇರೆ ಕಡೆಗಿಂತ ಒಂದೂವರೆಯಷ್ಟು ಬೀಳುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಅಷ್ಟು ದುಬಾರಿ ಬ್ಲಾಕ್ ತರಿಸಿ ಕತ್ತರಿಸುವುದರಲ್ಲಿ ಉಳಿಸುವವರಿಗೆ ನಾನು ಹೇಳುವುದು ಏನೂ ಇಲ್ಲ.

ಫೋನ್ ಎತ್ತುವುದಿಲ್ಲ, ಮೆಷಿನ್ ಸದ್ದಿನಲ್ಲಿ ಕೇಳಿಸುವುದಿಲ್ಲವಂತೆ. ಬೆಳಿಗ್ಗೆ ಹತ್ತರೊಳಗೆ ನೇರ ಹೋಗಿಬಿಡಿ, ಮಧ್ಯಾಹ್ನದ ಮೇಲೆ ಫ್ಯಾಕ್ಟರಿ ಡೈಗಳು ಬಂದು ಕೂತಿರುತ್ತವೆ. ದಸರಾ ಹೊತ್ತಿನಲ್ಲಿ ಹೋಗಬೇಡಿ. ಆಯುಧಪೂಜೆಗೆ ಮೆಷಿನ್‌ಗೆ ಕುಂಕುಮ ಇಟ್ಟು ಬಾಳೆಕಂಬ ಕಟ್ಟಿದರೆ, ಮತ್ತೆ ಸ್ವಿಚ್ ಒತ್ತುವುದು ಅವರಿಗೆ ಒಳ್ಳೆ ದಿನ ಕಂಡಾಗ. ಟ್ಯೂಬುಗಳನ್ನು ಕಾಯಿಸಿ, ನಂಬರ್ ಹಾಕಿ, ಬೇಕಾದದ್ದಕ್ಕಿಂತ ಎರಡು ಹೆಚ್ಚೇ ಒಯ್ಯಿರಿ. ಉಳಿದ ಫೋಮ್ ತುಂಡುಗಳನ್ನು ಕೇಳಿ ಈಸಿಕೊಳ್ಳಿ, ಫೋಮ್ ಒಂದನ್ನೇ ಜಜ್ಜುವ ಟೆಸ್ಟಿಗೆ ಅವೇ ಬೇಕು, ಕೇಳದಿದ್ದರೆ ಸಂಜೆ ಗುಡಿಸುವ ಹುಡುಗ ಗುಜರಿ ಡಬ್ಬಕ್ಕೆ ಹಾಕಿಬಿಡುತ್ತಾನೆ.